ಗಾಳಿಯಂತ್ರ, ವಿದ್ಯುತ್ ಜಾಲದ ತೂಗಾಟ ಮತ್ತು ನಮ್ಮ ಪಂಪ್‌ಸೆಟ್

“ಫ್ಯಾನು ಜೋರಾಗಿ ತಿರುಗಿದ ದಿನ ಕರೆಂಟು ಕುಣಿಯುತ್ತೆ, ಮೋಟಾರು ಸುಡುತ್ತೆ” ಎಂಬ ಮಾತು ಅಜ್ಜಂಪುರ ಭಾಗದ ರೈತರ ಸಭೆಗಳಲ್ಲಿ ನನ್ನ ಕಿವಿಗೆ ಬಿದ್ದಿದೆ. ನೆರೆಯ ಹೊಸದುರ್ಗದ ಗುಡ್ಡಗಳ ಗಾಳಿಯಂತ್ರಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚು ವಿದ್ಯುತ್ ನೀಡುತ್ತವೆ. ಮಳೆ ಕೈಕೊಟ್ಟಾಗ ಈರುಳ್ಳಿಗೆ ಕೊಳವೆಬಾವಿ ನೀರು ಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಎರಡಕ್ಕೂ ಗಂಟು ಹಾಕುವುದು ಸಹಜವೇ. ಆದರೆ ಮೋಟಾರು ಸುಡುವ ಕಾರಣ ಬೇರೆ, ಗಾಳಿಯಂತ್ರದಿಂದ ಜಾಲಕ್ಕೆ ಬರುವ ತೊಡಕು ಬೇರೆ.

ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ಉಳಿದ ಭಾರತದ ಜಾಲದೊಡನೆ ಕೂಡಿಕೊಂಡಿತು. ಅಂದಿನಿಂದ ಇಡೀ ದೇಶದ ಜನರೇಟರುಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ. ಒಂದು ತುಸು ಮುಂದೆ ಎಳೆದರೆ ಇನ್ನೊಂದು ಹಿಂದೆ ಬಿದ್ದು, ಮತ್ತೆ ಹೆಜ್ಜೆ ಕೂಡಿಸಿಕೊಳ್ಳುತ್ತದೆ. ಇದರಿಂದ ಮಾರ್ಗಗಳಲ್ಲಿ ಹರಿಯುವ ವಿದ್ಯುತ್ತು ನಿಧಾನವಾಗಿ ಹಿಂದುಮುಂದೆ ತೂಗುತ್ತದೆ. ಒಂದು ತೂಗಾಟಕ್ಕೆ ಅರ್ಧ ಸೆಕೆಂಡಿನಿಂದ ಹತ್ತು ಸೆಕೆಂಡು ಹಿಡಿಯಬಹುದು. ಇದೇ ಕಡಿಮೆ ಆವರ್ತನದ ಆಂದೋಲನ. ತಾನಾಗಿ ಅಡಗಿದರೆ ಚಿಂತೆಯಿಲ್ಲ, ಬೆಳೆಯುತ್ತ ಹೋದರೆ ಮಾರ್ಗಗಳು ಕಡಿದುಕೊಳ್ಳುತ್ತವೆ.

ಶರಾವತಿಯ ಜನರೇಟರುಗಳ ಭಾರವಾದ ತಿರುಗುಭಾಗಗಳು ಜಾಲದ ಏರಿಳಿತವನ್ನು ತಮ್ಮ ಜಡತ್ವದಿಂದಲೇ ತಡೆದುಕೊಳ್ಳುತ್ತವೆ. ಇಂದಿನ ಗಾಳಿಯಂತ್ರಗಳಲ್ಲಿ ಹೆಚ್ಚಿನವು ಎಲೆಕ್ಟ್ರಾನಿಕ್ ಪರಿವರ್ತಕಗಳ ಮೂಲಕ ಜಾಲ ಸೇರುವುದರಿಂದ ಆ ಜಡತ್ವ ಸಹಜವಾಗಿ ಒದಗದು. ಬೇಡಿಕೆ ತಗ್ಗಿ ಗಾಳಿ ಬಿರುಸಾದ ರಾತ್ರಿ ಭಾರಿ ಯಂತ್ರಗಳು ಕಡಿಮೆ ಓಡುತ್ತವೆ. ಮಾರ್ಗ ದುರ್ಬಲವಾಗಿ, ಪರಿವರ್ತಕದ ನಿಯಂತ್ರಣವೂ ಸರಿಹೊಂದದಿದ್ದರೆ ಗಾಳಿಯಂತ್ರವೇ ತೂಗಾಟಕ್ಕೆ ಮೂಲವಾಗಬಹುದು. ಸರಿಹೊಂದಿಸಿದರೆ ಅದೇ ಪರಿವರ್ತಕ ತೂಗಾಟವನ್ನು ಅಡಗಿಸಲೂ ಬಲ್ಲದು.

2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾಗುವುದಕ್ಕೆ ಮೊದಲಿನ ಅರ್ಧಗಂಟೆಯಲ್ಲಿ ಇಂಥ ಆಂದೋಲನಗಳು ಕಂಡಿದ್ದವು. ಕತ್ತಲೆಗೆ ಅವೇ ನೇರ ಕಾರಣವಲ್ಲ. ಅವನ್ನು ಅಡಗಿಸಲು ಕೈಗೊಂಡ ಕ್ರಮಗಳಿಂದ ವೋಲ್ಟೇಜ್ ಏರಿತು, ಆ ಏರಿಕೆ ಮುಂದೆ ಹಿಡಿತ ಮೀರಿತು.

ನಮಗೂ ಇದು ದೂರದ ಸುದ್ದಿಯಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರ ಸುರಂಗಕ್ಕೆ ಬರುವ ನೀರನ್ನು ಶಾಂತಿಪುರ, ಬೆಟ್ಟದತಾವರೆಕೆರೆಗಳಲ್ಲಿ ಭಾರಿ ಪಂಪುಗಳೇ ಎತ್ತಬೇಕು. ಜಾಲ ಕಡಿದರೆ ಆ ನೀರೂ ನಿಲ್ಲುತ್ತದೆ.

ಇನ್ನು ತೋಟದ ಮೋಟಾರಿನ ವಿಷಯ. ಮೇಲಿನ ತೂಗಾಟ ಅದಕ್ಕೆ ಗೊತ್ತೂ ಆಗುವುದಿಲ್ಲ. ಸುಡುವುದು ಒಂದು ಫೇಸ್ ಹೋದಾಗ, ಅಥವಾ 415 ಇರಬೇಕಾದ ವೋಲ್ಟೇಜ್ 350ಕ್ಕೆ ಕುಸಿದಾಗ, ಏಕೆಂದರೆ ಆಗ ಅದೇ ಕೆಲಸಕ್ಕೆ ಮೋಟಾರು ಹೆಚ್ಚು ಕರೆಂಟ್ ಎಳೆದು ಸುರುಳಿ ಕಾಯುತ್ತದೆ. ವಿದ್ಯುತ್ ಮರಳಿದ ಕ್ಷಣವೇ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಮೋಟಾರು ಎಬ್ಬಿಸುವುದು ಇನ್ನೂ ಕೆಟ್ಟದ್ದು. ನೇರವಾಗಿ ಚಾಲೂ ಆಗುವ ಮೋಟಾರು ಆರಂಭದಲ್ಲಿ ಸುಮಾರು ಆರು ಪಟ್ಟು ಕರೆಂಟ್ ಎಳೆಯುತ್ತದೆ. ಇಪ್ಪತ್ತು ಮೋಟಾರು ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ತಾಳೀತೇ? ಈ ತಪ್ಪು ನಮ್ಮದೇ, ಗಾಳಿಯಂತ್ರದ್ದಲ್ಲ.

ಒಂದೇ ಟ್ರಾನ್ಸ್‌ಫಾರ್ಮರಿನ ರೈತರು ಮಾತಾಡಿಕೊಂಡು ಟೈಮರುಗಳನ್ನು ಎರಡು, ನಾಲ್ಕು, ಆರು ನಿಮಿಷ ಎಂದು ಬೇರೆ ಬೇರೆಯಾಗಿ ಹೊಂದಿಸಿಕೊಳ್ಳಬೇಕು. ಫೇಸ್ ತಪ್ಪಿದರೆ ಮೋಟಾರು ನಿಲ್ಲಿಸುವ ರಕ್ಷಕವನ್ನೂ ಸೂಕ್ತ ಕೆಪಾಸಿಟರನ್ನೂ ಅಳವಡಿಸಿಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಒಂದು ವಾರ ಮೂರೂ ಫೇಸ್‌ಗಳ ವೋಲ್ಟೇಜನ್ನು ದಿನಕ್ಕೆ ಮೂರು ಬಾರಿ, ಗಂಟೆ ಸಮೇತ ಬರೆಸಿ, ಆ ಹಾಳೆಯನ್ನು ದೂರಿನೊಡನೆ ಮೆಸ್ಕಾಂ ಶಾಖಾ ಕಚೇರಿಗೆ ಕೊಡಿಸಬೇಕು.