ತೋಡಿನ ನೀರಿಗೂ ಒಂದು ಪರೀಕ್ಷೆ ಬೇಕು

ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಕತ್ತಿಯ ಅಲಗನ್ನು ಅದ್ದಿ ನೋಡುವ ಕ್ರಮ ಬೆಳೆಗಾರ ಬಾಂಧವರೆಲ್ಲರಿಗೂ ತಿಳಿದದ್ದೇ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಆದರೆ ಡ್ರಮ್ಮು ತೊಳೆದ ನೀರು ತೋಡಿಗೆ ಸೇರಿದ ಮೇಲೆ ಅದರಲ್ಲಿರುವ ಅಲ್ಪ ತಾಮ್ರವನ್ನು ಕತ್ತಿ ತೋರಿಸಲಾರದು; ಕಣ್ಣಿಗೂ ಕಾಣದು.

ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಕುಡಿಯುವ ನೀರಿಗೆ 2012ರ ಭಾರತೀಯ ಮಾನಕದ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂ. ಇಷ್ಟು ಸೂಕ್ಷ್ಮವಾಗಿ ಅಳೆಯಲು ಈಗ ಪೇಟೆಯ ಪ್ರಯೋಗಾಲಯವೇ ಗತಿ.

ವಿಜ್ಞಾನಿಗಳು ಇನ್ನೊಂದು ದಾರಿಯನ್ನೂ ಕಂಡುಕೊಂಡಿದ್ದಾರೆ. ಹವಳದ ಬಳಗದ ಒಂದು ಕಡಲಜೀವಿಯಲ್ಲಿರುವ ಪ್ರೋಟೀನಿನ ಮೇಲೆ ಹಸಿರು ಬೆಳಕು ಬಿಟ್ಟರೆ ಅದು ಕೆಂಪಗೆ ಬೆಳಗುತ್ತದೆ. ತಾಮ್ರ ಅಂಟಿಕೊಂಡೊಡನೆ ಆ ಬೆಳಕು ಕುಂದುತ್ತದೆ. ಎಷ್ಟು ಕುಂದಿತೆಂಬುದರಿಂದ ತಾಮ್ರ ಎಷ್ಟಿದೆಯೆಂದು ಲೆಕ್ಕ ಹಾಕಬಹುದು. ತಾಮ್ರವನ್ನು ಬಿಡಿಸಿದರೆ ಬೆಳಕು ಮರಳುತ್ತದೆ. ಇಂಥದೇ ಹೊಳೆಯುವ ಪ್ರೋಟೀನನ್ನು ಅಂಬಲಿ ಮೀನಿನಲ್ಲಿ ಕಂಡುಹಿಡಿದು ಬೆಳೆಸಿದ ಮೂವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಆದರೂ ಇದನ್ನು ಸರ್ವರೋಗಕ್ಕೂ ಮದ್ದೆಂದು ನಾವು ಹೇಳುವುದಿಲ್ಲ. ನೀರು ಕದಡಿದ್ದರೂ, ಬಣ್ಣವಿದ್ದರೂ ಬೆಳಕು ಮಂಕಾಗಿ ಕಾಣಬಹುದು. ತಾಮ್ರದ ಬಹುಪಾಲು ಮಣ್ಣಿಗೆ ಅಂಟಿ, ಕೆಸರಿನೊಡನೆ ಕೆರೆಯ ತಳ ಸೇರುತ್ತದೆ. ತಿಳಿನೀರನ್ನಷ್ಟೇ ನೋಡಿದರೆ ಅದು ಲೆಕ್ಕಕ್ಕೆ ಸಿಗದು. ಆದ್ದರಿಂದ ಇಂಥ ವಿಧಾನ ಸಂಶಯದ ನೀರನ್ನು ಬೇರ್ಪಡಿಸಲು ಮಾತ್ರ. ಕೊನೆಯ ತೀರ್ಮಾನ ಪ್ರಯೋಗಾಲಯದ್ದೇ.

"ತಾಮ್ರ ಹೆಚ್ಚೆಂದು ಬಂದರೆ ಅಪವಾದ ನಮಗೇ ತಾನೆ, ಪರೀಕ್ಷೆ ಯಾಕೆ?" ಎಂದು ಕೇಳುವವರಿದ್ದಾರೆ. ಕೊಳೆರೋಗಕ್ಕೆ ಬೋರ್ಡೋ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಮದ್ದು ಬಿಟ್ಟರೆ ಫಸಲೇ ಉಳಿಯದು. ಆದರೆ ನಮ್ಮ ತೋಟದಿಂದ ಇಳಿದ ನೀರನ್ನೇ ಕೆಳಗಿನ ಲೈನ್ ಮನೆಗಳವರೂ, ಗದ್ದೆಯವರೂ, ದನಕರುಗಳೂ ಬಳಸುತ್ತಾರೆ. ನಾಳೆ ಹೊರಗಿನವರು ಬಂದು ಅಳೆದು ಹೇಳುವ ಮೊದಲು ನಾವೇ ಅಳೆದುಕೊಳ್ಳುವುದು ಮರ್ಯಾದೆ. ಅಂಕಿ ಕೈಯಲ್ಲಿದ್ದರೆ ಸುಳ್ಳು ಆಪಾದನೆಗೆ ಉತ್ತರವೂ ಅದೇ.

ಹೊಸ ಸಾಧನ ಕೈಗೆ ಬರುವವರೆಗೆ ಕಾಯಬೇಕಾಗಿಲ್ಲ. ಮುಂಗಾರಿನ ಸಿಂಪರಣೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಪ್ರತಿ ಹಳ್ಳದಿಂದ ಮಾದರಿ ತೆಗೆದು ಸಂಘದ ಖರ್ಚಿನಲ್ಲೇ ಪರೀಕ್ಷೆ ಮಾಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಡ್ರಮ್ಮುಗಳನ್ನು ತೋಡಿನ ಬದಿಯಲ್ಲಿ ತೊಳೆಯುವುದನ್ನು ಮಾತ್ರ ಇಂದೇ ನಿಲ್ಲಿಸಬಹುದು. ಅದಕ್ಕೆ ಯಾವ ಪರೀಕ್ಷೆಯೂ ಬೇಡ. ಮಹಾಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಚರ್ಚಿಸಿ ತೀರ್ಮಾನಿಸಬೇಕಾಗಿ ವಿನಂತಿ.