ಕಾಯುವ ದಿನಗಳ ಊಟ

ಜಠರದ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯೆಂದು ನಿಶ್ಚಯವಾದ ಮೇಲೆ ರೋಗಿ ಕಾಯಬೇಕಾದ ದಿನಗಳಿವೆ. ಪರೀಕ್ಷೆಗಳು, ಸರಕಾರಿ ಯೋಜನೆಯ ಮಂಜೂರಾತಿ, ಕೆಲವರಿಗೆ ಮೊದಲೇ ಕಿಮೋಥೆರಪಿ ಎಂದು ವಾರಗಳೇ ಕಳೆಯುತ್ತವೆ. ಆ ದಿನಗಳಲ್ಲಿ ರೋಗಿ ಏನು ಉಣ್ಣುತ್ತಾನೆಂಬುದು ನಮ್ಮ ಗಮನಕ್ಕೆ ಬರಬೇಕಾಗಿದೆ.

ನಾವು ಮಂಗಳೂರಿಗೆ ಹೋಗುವಂತೆ ಗಡಹಿಂಗ್ಲಜ ಸೀಮೆಯ ಕನ್ನಡಿಗ ರೈತನೂ ಇಚಲಕರಂಜಿಯ ಮಗ್ಗದ ಕೂಲಿಯೂ ಇಂತಹ ರೋಗಕ್ಕೆ ಕೊಲ್ಹಾಪುರದ ಹಾದಿ ಹಿಡಿಯುತ್ತಾರೆ. ಮಗ್ಗ ನಿಂತರೆ ಕೂಲಿಯೂ ನಿಂತಿತು. ಮನೆಯಲ್ಲಿ ಮೊದಲು ನಿಲ್ಲುವುದು ಹಾಲು, ಮೊಟ್ಟೆ. ಅದರ ಮೇಲೆ, ಹೊಟ್ಟೆಯ ರೋಗಕ್ಕೆ ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಮನೆಯವರು ಪ್ರೀತಿಯಿಂದಲೇ ಗಂಜಿಯ ತಿಳಿ ಕುಡಿಸುತ್ತಾರೆ.

ಇದರ ಅಪಾಯ ಹೊಸತಾಗಿ ತಿಳಿದುದಲ್ಲ. 1936ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹೈರಮ್ ಸ್ಟಡ್ಲಿ ಹೊಟ್ಟೆಹುಣ್ಣಿಗೆ ಶಸ್ತ್ರಕ್ರಿಯೆಯಾದವರ ಲೆಕ್ಕ ತೆಗೆದರು. ದೇಹತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಇಳಿದಿದ್ದವರಲ್ಲಿ ಮೂವರಿಗೊಬ್ಬರು ತೀರಿಕೊಂಡಿದ್ದರು. ಉಳಿದವರಲ್ಲಿ ನೂರಕ್ಕೆ ನಾಲ್ವರಷ್ಟೂ ಇಲ್ಲ. ತೀವ್ರ ಅಪೌಷ್ಟಿಕತೆಯಿದ್ದರೆ, ಕ್ಯಾನ್ಸರಾದರೂ, ಶಸ್ತ್ರಕ್ರಿಯೆಯನ್ನು 7ರಿಂದ 14 ದಿನ ತಡೆದು ರೋಗಿಗೆ ಪೋಷಣೆ ಕೊಡಬೇಕೆಂದು ಇಂದಿನ ತಜ್ಞರೂ ಹೇಳುತ್ತಾರೆ. 50 ಕಿಲೋ ತೂಕದವರಿಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದೇ ಸುಮಾರು 6 ಗ್ರಾಂ. ಗಂಜಿಯ ತಿಳಿಯಲ್ಲಿ ಎಷ್ಟಿದ್ದೀತು?

ಎರಡು ತುತ್ತಿಗೆ ಹೊಟ್ಟೆ ತುಂಬುವ ರೋಗಿಗೆ ದಿನಕ್ಕೆ ಆರೇಳು ಬಾರಿ ಸ್ವಲ್ಪ ಸ್ವಲ್ಪವೇ ಕೊಡಬೇಕು: ಹಾಲು ಬೆರೆಸಿದ ರಾಗಿ ಅಂಬಲಿ, ಮೆತ್ತಗೆ ಬೆಂದ ಹೆಸರುಬೇಳೆ, ಮೊಸರು, ಮೊಟ್ಟೆ. ತಿಂದುದೆಲ್ಲ ವಾಂತಿಯಾಗುತ್ತಿದ್ದರೆ ಬಲವಂತ ಮಾಡದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಕೊಳವೆಯ ಮೂಲಕ ಉಣಿಸುವ ಉಪಾಯ ಅವರಲ್ಲಿದೆ.

ಆದುದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮೊದಲ ಭೇಟಿಯಂದೇ ರೋಗಿಯ ತೂಕ ಬರೆದಿಡಲಿ, ವಾರಕ್ಕೊಮ್ಮೆ ನೋಡಲಿ. ಕ್ಷಯರೋಗಿಯ ಆಹಾರಕ್ಕೆಂದು ಕೇಂದ್ರ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡತೊಡಗಿ, 2024ರ ನವೆಂಬರದಿಂದ ಅದನ್ನು 1000ಕ್ಕೆ ಏರಿಸಿತು. ಶಸ್ತ್ರಕ್ರಿಯೆಗೆ ಕಾಯುವ ಬಡ ರೋಗಿಗೂ ಅಂತಹ ನೆರವು ಸಿಗಲಿ. ಊಟದ ಸಲಹೆಯ ಚೀಟಿ ರೋಗಿಯ ಮನೆಮಾತಿನಲ್ಲಿರಲಿ. ಕನ್ನಡವಷ್ಟೇ ಬಲ್ಲ ಗಡಹಿಂಗ್ಲಜದ ತಾಯಿಯ ಕೈಗೆ ಮರಾಠಿ ಚೀಟಿ ಬಂದರೆ ಏನಾದೀತೆಂಬುದನ್ನು ಕಾಸರಗೋಡಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಓದಲಾಗದ ಚೀಟಿ ಒಲೆಯ ತನಕ ತಲಪುವುದಿಲ್ಲ.