ಅನಾಥರೆಂದು ಬರೆಯುವ ಮುನ್ನ

ಕಳೆದ ತಿಂಗಳು ಭಾನುವಾರದ ಬಲಿಪೂಜೆಯ ನಂತರ ಕರೂರು ಕೈಗಾರಿಕಾ ಪ್ರದೇಶದಲ್ಲಿ ಕೂಲಿ ಮಾಡುವ ತಾಯಿಯೊಬ್ಬರು ಇಬ್ಬರು ಮಕ್ಕಳೊಡನೆ ನನ್ನ ಬಳಿ ಬಂದರು. ಪತಿ ತೀರಿಕೊಂಡು ವರ್ಷ ತುಂಬಿರಲಿಲ್ಲ. "ಫಾದರ್, ಇವರನ್ನು ಯಾವುದಾದರೂ ಅನಾಥಾಶ್ರಮಕ್ಕೆ ಸೇರಿಸಲು ಒಂದು ಕಾಗದ ಬರೆದುಕೊಡಿ" ಎಂದರು. ತಾಯಿ ಎದುರಿಗೆ ನಿಂತಿರುವಾಗಲೇ ಮಕ್ಕಳನ್ನು ಅನಾಥರೆಂದು ಬರೆಯಲು ನನ್ನಿಂದಾಗಲಿಲ್ಲ.

ಅನಾಥರ ಪೋಷಣೆ ಧರ್ಮಸಭೆಗೆ ಹೊಸತಲ್ಲ. ಫ್ಲಾರೆನ್ಸ್ ನಗರದ ಇನೊಸೆಂತಿ ಆಶ್ರಯಧಾಮವು 1445ರಲ್ಲಿಯೇ ತೊರೆದ ಶಿಶುಗಳಿಗೆ ಬಾಗಿಲು ತೆರೆಯಿತು. ಸಂತ ವಿನ್ಸೆಂಟ್ ದೆ ಪೌಲರು 1638ರಲ್ಲಿ ಪ್ಯಾರಿಸ್ಸಿನ ಅಂಥದೇ ಕೂಸುಗಳ ಆರೈಕೆಗೆ ಮುಂದಾದರು. 1876-78ರ ಭೀಕರ ಬರಗಾಲವು ಮೈಸೂರು ಸಂಸ್ಥಾನದ ಸುಮಾರು ಐದನೆಯ ಒಂದು ಭಾಗದಷ್ಟು ಜನರನ್ನು ಬಲಿ ತೆಗೆದುಕೊಂಡಾಗ, ಉಳಿದ ಮಕ್ಕಳನ್ನು ಮಿಷನರಿಗಳು ತಮ್ಮ ಆಶ್ರಮಗಳಲ್ಲಿ ಸಲಹಿದರು. ನಮ್ಮ ನೆರೆಯ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 'ತಿರುಕ'ರೆಂದೇ ಹೆಸರಾದ ರಾಘವೇಂದ್ರ ಸ್ವಾಮೀಜಿಯವರು ಭಿಕ್ಷೆಯೆತ್ತಿ ಅನಾಥಸೇವಾಶ್ರಮವನ್ನು ಕಟ್ಟಿದರು. ಇವರೆಲ್ಲರ ಮುಂದೆ ನಾವು ತಲೆಬಾಗಬೇಕು.

ಆದರೆ ಬರಗಾಲದ ಆ ಮಕ್ಕಳಿಗೆ ಮನೆಮಂದಿಯೇ ಉಳಿದಿರಲಿಲ್ಲ. ಇಂದು ಆಶ್ರಮದ ಬಾಗಿಲಿಗೆ ಬರುವ ಅನೇಕ ಮಕ್ಕಳಿಗೆ ತಾಯಿಯೋ ಅಜ್ಜಿಯೋ ಇದ್ದಾರೆ; ಇಲ್ಲದಿರುವುದು ಹಣ. ಬಡತನವೇ ಬೇರೆ, ಅನಾಥತನವೇ ಬೇರೆ. ಮೊದಲನೆಯದಕ್ಕೆ ಮದ್ದು ನೀಡಲು ಹೋಗಿ ನಾವು ಎರಡನೆಯದನ್ನು ಉಂಟುಮಾಡಬಾರದು. ಆಶ್ರಮದಲ್ಲಿ ಊಟ, ಓದು, ಶಿಸ್ತು ದೊರೆಯುವುದು ನಿಜ. ಆದರೆ ನಡುರಾತ್ರಿ ಜ್ವರ ಬಂದ ಮಗು ಹುಡುಕುವುದು ತಾಯಿಯ ಮಡಿಲನ್ನು. 2015ರ ಬಾಲನ್ಯಾಯ ಕಾಯ್ದೆಯೂ ಸಂಸ್ಥೆಯ ಆಶ್ರಯವನ್ನು ಕೊನೆಯ ಉಪಾಯವೆಂದೇ ಪರಿಗಣಿಸುತ್ತದೆ.

ಹಾಗಾದರೆ ಮಾರ್ಗವೇನು? ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಡಿ ಇಂಥ ಮಗುವಿಗೆ ಮನೆಯಲ್ಲಿಯೇ ಬೆಳೆಯಲು ತಿಂಗಳಿಗೆ 4,000 ರೂಪಾಯಿ ನೆರವುಂಟು. ನಗರದಲ್ಲಿ ಕುಟುಂಬದ ವಾರ್ಷಿಕ ಆದಾಯ 96,000 ರೂಪಾಯಿಯನ್ನು ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕು. ನಿಜವಾಗಿಯೂ ಯಾರೂ ಇಲ್ಲದ ಮಗು ಕಂಡುಬಂದರೆ 1098ಕ್ಕೆ ಕರೆಮಾಡಬೇಕು.

ಆ ತಾಯಿಯ ಅರ್ಜಿಯನ್ನು ನಾವು ತುಂಬಿಕೊಟ್ಟೆವು. ಹಣ ಇನ್ನೂ ಬಂದಿಲ್ಲ. ಆದರೆ ಅವರ ಪಾಳಿ ಮುಗಿಯುವವರೆಗೆ ಮಕ್ಕಳನ್ನು ನೋಡಿಕೊಳ್ಳಲು ನೆರೆಯ ಕುಟುಂಬವೊಂದು ಒಪ್ಪಿದೆ.

ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ಹೋಗಿ ಕಾಣುವುದೇ ನಿರ್ಮಲ ಭಕ್ತಿಯೆಂಬುದು ಸಂತ ಯಕೋಬರ ಬೋಧನೆ. ಅವರನ್ನು ಎಲ್ಲಿಗಾದರೂ ಕಳುಹಿಸಿಬಿಡಿ ಎಂದು ಅವರು ಹೇಳಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೆ ಆಶ್ರಮಕ್ಕೆ ಕೇಕು, ಬಟ್ಟೆ ಕೊಂಡೊಯ್ಯುವ ನಾವು, ಈ ವರ್ಷ ನಮ್ಮದೇ ಬೀದಿಯ ಅಂಥ ಒಂದು ಮನೆಯ ಬಾಗಿಲನ್ನು ತಟ್ಟಬಾರದೇಕೆ?